ಒಳಗೆ ಬಲೀಂದ್ರ, ಹೊರಗೆ ಡೋಲು

ಕಾಸರಗೋಡಿನ ಯಾವ ಆಫೀಸಿಗೆ ಹೋದರೂ ಓಣಂ ಹೊತ್ತಿಗೆ ಬಾಗಿಲಲ್ಲಿ ಪೂಕಳಂ ಇದ್ದೇ ಇರ್ತದೆ. ನಮ್ಮ ಬ್ಯಾಂಕಿನಲ್ಲೂ ಅಷ್ಟೇ. ವರ್ಕಾಡಿಯಿಂದ ಹೂ ಕೊಯ್ದುಕೊಂಡು ಹೋಗುವವನು ನಾನೇ, ಪಾಯಸ ಎರಡು ಸಲ ಹಾಕಿಸಿಕೊಳ್ಳುವವನೂ ನಾನೇ. ಅದರಲ್ಲಿ ಬೇಜಾರಿಲ್ಲ. ಆದರೆ ಅದೇ ಬಲಿ ಚಕ್ರವರ್ತಿ ದೀಪಾವಳಿಗೆ ನಮ್ಮ ತುಳುನಾಡಿಗೂ ಬರ್ತಾನಲ್ಲ? ಅಂಗಳದಲ್ಲಿ ಬಲೀಂದ್ರನ ಮರ ನೆಟ್ಟು, ಅವಲಕ್ಕಿ, ಹೂ, ದೀಪ ಇಟ್ಟು, 'ಕೂ' ಹಾಕಿ ಕರೆಯುವುದನ್ನು ನೋಡಿ ಬೆಳೆದವರು ನಾವು. ಓಣಂಗೆ ಬರುವ ರಾಜನಿಗೆ ಬ್ಯಾಂಕಿನೊಳಗೆ ಜಾಗ ಉಂಟು, ದೀಪಾವಳಿಗೆ ಬರುವವನಿಗೆ ಯಾಕಿಲ್ಲ?

ಹೋದ ವರ್ಷ ಇದನ್ನು ಕೇಳಿಯೇ ಬಿಟ್ಟೆ. ತೆಂಕಣದಿಂದ ಬಂದ ಮ್ಯಾನೇಜರ್, "ಓ, ಮಾವೇಲಿ ನಿಮ್ಮಲ್ಲಿಗೂ ಬರ್ತಾರಾ?" ಎಂದು ನಕ್ಕು ಒಪ್ಪಿದರು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಎಂಟು ವರ್ಷ ಮೊದಲೇ ಕೇಳಬಹುದಿತ್ತು.

ತಯಾರಿ ಮಾಡುವಾಗ ನಮ್ಮವರೇ ಒಬ್ಬರು, "ಕೊರಗರ ಡೋಲು ತರಿಸುವ ಮಾರಾಯ್ರೆ, ವಿಡಿಯೋ ಒಳ್ಳೆದು ಬರ್ತದೆ" ಅಂದರು. ನನಗೂ ಸರಿ ಕಂಡಿತು. ನಮ್ಮಲ್ಲೇ ಖಾತೆ ಇರುವ ಒಬ್ಬ ಕೊರಗ ಯುವಕನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಡೋಲು ಬಾರಿಸುವಾ ಅಣ್ಣ. ಬಾರಿಸಿದ ಮೇಲೆ ನಾವು ಊಟಕ್ಕೆ ಎಲ್ಲಿ ಕೂತ್ಕೊಳ್ಳೋದು?"

ಆ ಪ್ರಶ್ನೆ ಯಾಕೆ ಬಂತು ಅಂತ ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾ? ಕಂಬಳದ ಹಿಂದಿನ ರಾತ್ರಿ ಇಡೀ ಮಂಜಿನಲ್ಲಿ ಕೂತು ಡೋಲು ಬಾರಿಸಬೇಕಿತ್ತು; ಅದಕ್ಕೆ ಪನಿಕುಲ್ಲುನಿ ಅಂತ ಹೆಸರು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸಿ ನಮ್ಮ ಮನೆಯ ಅನಿಷ್ಟ ಕಳೆಯಿತು ಅಂತ ನಂಬುವುದು ಅಜಲು. ಕರ್ನಾಟಕ 2000ದಲ್ಲಿ ಇದನ್ನು ನಿಷೇಧಿಸಿ ಕಾನೂನು ಮಾಡಿತು. ಕರ್ನಾಟಕದ ಆ ಕಾನೂನು ತಲಪಾಡಿ ದಾಟಿ ಈಚೆ ಬರುವುದಿಲ್ಲ. ಡೋಲು ಅವರ ಕಲೆ ಹೌದು. ಆದರೆ ಕರೆಯುವವರು ನಾವು, ಕೂರುವ ಜಾಗ ಗೊತ್ತು ಮಾಡಿದವರೂ ನಾವು.

ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಕೊರಗರೂ ಒಬ್ಬರು. ಅವರಿಗೆ ಸ್ವಂತ ಭಾಷೆ ಉಂಟು, ಡಿ.ಎನ್. ಶಂಕರ ಭಟ್ಟರು 1971ರಲ್ಲೇ ಅದರ ಬಗ್ಗೆ ಪುಸ್ತಕ ಬರೆದಿದ್ದಾರೆ. ನಮ್ಮೂರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಕಾಡಿನ ಬೀಳಿನಿಂದ ಹೆಣೆದ ಅವರ ಬುಟ್ಟಿ ಮಾತ್ರ ಎಲ್ಲರ ಮನೆಯಲ್ಲಿ ಉಂಟು.

ಇನ್ನು ನನ್ನ ಕೌಂಟರಿನ ಕತೆ. ಬ್ಯಾಂಕಿನ ಫಾರ್ಮುಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳ್ತದೆ. ಇಲ್ಲಿ ಪ್ರಾದೇಶಿಕ ಅಂದರೆ ಮಲಯಾಳಂ, ಅಲ್ಲಿಗೆ ಮುಗಿಯಿತು. ಕನ್ನಡದಲ್ಲೂ ಬೇಕು ಅಂತ ನಾವು ಕೇಳುವುದು ನ್ಯಾಯವೇ, ಕೇಳುತ್ತಲೇ ಇರಬೇಕು. ಆದರೆ ಉದ್ಯೋಗ ಖಾತ್ರಿ ಕೂಲಿ ತೆಗೆಯಲು ಬರುವ ಕೊರಗ ಅಜ್ಜಿಗೆ ಕನ್ನಡ ಫಾರ್ಮು ಕೊಟ್ಟರೂ ಒಂದೇ, ಮಲಯಾಳಂ ಕೊಟ್ಟರೂ ಒಂದೇ. ಅವರಿಗೆ ಬೇಕಾದದ್ದು ತುಳುವಿನಲ್ಲಿ ಮಾತಾಡಿ, ಫಾರ್ಮು ತುಂಬಿಸಿ, ಬರೆದದ್ದನ್ನು ಓದಿ ಹೇಳುವ ಒಬ್ಬ ಮನುಷ್ಯ. ರಶ್ಶಿನ ಹೊತ್ತಿನಲ್ಲಿ "ಆಚೆ ನಿಲ್ಲಿ" ಅಂತ ನಾನೇ ಎಷ್ಟು ಸಲ ಹೇಳಿದ್ದೇನೋ. ನಮ್ಮ ಅರ್ಜಿಯನ್ನು ಬದಿಗಿಡುವ ಅಧಿಕಾರಿಯ ಮೇಲೆ ಇದೇ ಪೇಜಿನಲ್ಲಿ ನಾವು ಉರಿದು ಬೀಳ್ತೇವಲ್ಲ!

ಕೊನೆಗೆ ಡೋಲು ಬೇಡ ಅಂತ ನಿಶ್ಚಯಿಸಿ, ಆ ಹುಡುಗನ ಮನೆಯವರನ್ನು ಊಟಕ್ಕೆ ಕರೆದೆವು. ಮೂವರು ಬಂದರು, ನಮ್ಮ ಪಂಕ್ತಿಯಲ್ಲೇ ಕೂತರು. ಡೋಲು ತರಿಸುವ ಅಂದವರು ಆ ಪಂಕ್ತಿಗೆ ಕೂರದೆ, "ಸ್ವಲ್ಪ ಕೆಲಸ ಉಂಟು" ಎಂದು ಒಳಗೆ ಹೋದರು. ಹುಡುಗನೂ ನೋಡಿದ, ನಾನೂ ನೋಡಿದೆ. ಊಟ ಆದ ಮೇಲೆ ಅವನ ಅಜ್ಜಿ ಕೈಚೀಲದಿಂದ ಪಾಸ್‌ಬುಕ್ ತೆಗೆದು ಕೊಟ್ಟು, ಎಷ್ಟು ಹಣ ಉಂಟು ಅಂತ ಕೇಳಿದರು. ಓದಿ ಹೇಳಿದೆ.

ಈ ದೀಪಾವಳಿಗೆ ನಿಮ್ಮ ಆಫೀಸಿನಲ್ಲೂ ಬಲೀಂದ್ರನನ್ನು ಕರೆಯಿರಿ. ಡೋಲಿನವರಿಗೆ ಫೋನ್ ಮಾಡುವ ಮೊದಲು ಎಲೆ ಎಲ್ಲಿ ಹಾಕುತ್ತೀರಿ ಅಂತ ಸಹೋದ್ಯೋಗಿಗಳ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.