ಎಡೆದೊರೆ ನಾಡಿನ ಪಂಕ್ತಿಭೇದ

ಕೃಷ್ಣೆ ತುಂಗಭದ್ರೆಗಳ ನಡುವಿರುವುದರಿಂದ ರಾಯಚೂರು ಸೀಮೆಗೆ ಎಡೆದೊರೆ ನಾಡೆಂಬ ಹೆಸರು ಬಂದಿತು. ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ, ಆದಿಲಶಾಹಿ ಸುಲ್ತಾನರೂ ಪದೇ ಪದೇ ಕಾದಿದರು. 1520ರ ರಾಯಚೂರು ಕದನವು ಇತಿಹಾಸಪ್ರಸಿದ್ಧ. ಅರಸರು ಇಷ್ಟೊಂದು ಹಂಬಲಿಸಿದ ನೆಲವನ್ನು ಉತ್ತವನು ಮಾತ್ರ ಬಡವನಾಗಿಯೇ ಉಳಿದುದೇಕೆಂಬುದು ವಿಚಾರಾರ್ಹವಾದ ಸಂಗತಿ.

ದೇಶದೇಶಗಳ ನಡುವೆ ಇಂದು ಕಾಣುವ ಆದಾಯದ ಅಂತರವು ಬಹು ಪುರಾತನವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಡೆಯನಿಗೂ ಆಳಿಗೂ ಇದ್ದ ಅಂತರವೇ ಹಿರಿದು. ಯಂತ್ರೋದ್ಯಮವೂ ಸಾಮ್ರಾಜ್ಯಗಳೂ ಬೆಳೆದ ಮೇಲೆ ಮನುಷ್ಯನ ಗಳಿಕೆಯನ್ನು ಅವನು ಹುಟ್ಟಿದ ದೇಶವೇ ಬಹುಮಟ್ಟಿಗೆ ನಿರ್ಣಯಿಸತೊಡಗಿತು. ಈಚಿನ ದಶಕಗಳಲ್ಲಿ ಚೀನ, ಭಾರತಗಳ ಬೆಳವಣಿಗೆಯಿಂದ ಆ ಅಂತರ ತುಸು ತಗ್ಗಿದೆಯಾದರೂ, ಇವೇ ದೇಶಗಳೊಳಗೆ ಸಿರಿವಂತರೂ ಬಡವರೂ ಮತ್ತಷ್ಟು ದೂರ ಸರಿದಿದ್ದಾರೆ.

ಇದನ್ನರಿಯಲು ದೂರ ಹೋಗಬೇಕಾಗಿಲ್ಲ. ನಿಜಾಮರ ಕಾಲದ ಜಹಗೀರುಗಳು 1949ರಲ್ಲಿ ರದ್ದಾದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಿತು. ಭತ್ತಕ್ಕೆ ಮಿತವಾದ ನೆಲವನ್ನು ಗೊತ್ತುಪಡಿಸಿ, ಉಳಿದೆಡೆ ಜೋಳ, ಹತ್ತಿಗಳಂಥ ಅಲ್ಪ ನೀರಿನ ಬೆಳೆ ತೆಗೆದು, ಬರದ ನೆಲಕ್ಕೆಲ್ಲ ನೀರು ಹಂಚಬೇಕೆಂಬುದು ಎಡದಂಡೆ ಕಾಲುವೆಯ ಮೂಲ ಸಂಕಲ್ಪ. ಎಂಥ ಶ್ಲಾಘ್ಯವಾದ ಸಂಕಲ್ಪ! ನಡೆದುದೇ ಬೇರೆ. ಮೇಲ್ಭಾಗದ ಗದ್ದೆಗಳೆಲ್ಲ ಭತ್ತಮಯವಾದವು. ಮಾನ್ವಿ, ರಾಯಚೂರು ತಾಲೂಕುಗಳ ಕೊನೆಭಾಗದ ರೈತರು ನೀರಿಗಾಗಿ ಕಾದು ಕುಳಿತರು. ಪಂಕ್ತಿಯ ಮೊದಲಿಗರ ಎಲೆಯಲ್ಲೇ ಪಾಯಸ ಮುಗಿದರೆ ಕಡೆಯವನು ಉಣ್ಣುವುದೇನನ್ನು? ಭತ್ತವೇ ಹೆಚ್ಚು ಗಳಿಕೆ ತರುವಾಗ ಮೇಲಿನವನು ಜೋಳಕ್ಕೆ ಮರಳಲಾರ; ಅವನನ್ನು ಜರೆದು ಫಲವಿಲ್ಲ. ದೋಷವು ಬಡಿಸುವವರದು, ನಿಯಮವನ್ನು ಬರೆದಿಟ್ಟು ಪಾಲಿಸದವರದು.

2002ರಲ್ಲಿ ವರದಿಯಿತ್ತ ಡಾ. ನಂಜುಂಡಪ್ಪ ಸಮಿತಿಯು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದಿತು. ದೇವದುರ್ಗ ಆ ಪಟ್ಟಿಯಲ್ಲಿದ್ದುದು ಆಶ್ಚರ್ಯವಲ್ಲ. ಕಾಲುವೆಯುಳ್ಳ ಮಾನ್ವಿಯೂ ಅದರಲ್ಲಿತ್ತು! ನೀರು ಬಂದ ಮಾತ್ರಕ್ಕೆ ತಾಲೂಕು ಮೇಲೇಳದು. ಅದು ಯಾರ ಹೊಲಕ್ಕೆ ಬಂದಿತೆಂಬುದು ಮುಖ್ಯ. 2012ರ ಸಂವಿಧಾನದ 98ನೆಯ ತಿದ್ದುಪಡಿಯಿಂದ ಈ ಪ್ರದೇಶಕ್ಕೆ 371(ಜೆ) ವಿಧಿಯ ವಿಶೇಷ ಸೌಲಭ್ಯ ದೊರೆತುದು ಸಂತೋಷವೇ ಸರಿ. ಆದರೆ ಅನುದಾನವೂ ನೀರಿನಂತೆಯೇ ಮೇಲ್ಭಾಗದಲ್ಲಿ ಇಂಗಬಲ್ಲದು. ದೇವದುರ್ಗದ ಕೂಲಿಕಾರರು ಬೆಂಗಳೂರಿನಂಥ ನಗರಗಳಿಗೆ ಗುಳೆ ಹೋದಾಗ ಜೊತೆಗೆ ಹೋಗುವ ಮಕ್ಕಳು ಶಾಲೆಯಲ್ಲಿ ಬರಿಯ ಹಾಜರಿ ಪುಸ್ತಕದ ಹೆಸರುಗಳಾಗಿ ಉಳಿಯುತ್ತಾರೆ. ಮೀಸಲಾದ ಆಸನಗಳವರೆಗೆ ಅವರು ತಲುಪುವುದೆಂತು?

ಆದಕಾರಣ ಸರ್ಕಾರವು ಜಿಲ್ಲೆಯ ಸರಾಸರಿ ಆದಾಯವನ್ನು ಪ್ರಕಟಿಸಿ ತೃಪ್ತಿಪಡಬಾರದು. ಕಾಲುವೆಯ ಕಡೆಯ ತೂಬಿಗೆ ಎಷ್ಟು ದಿನ ನೀರು ಬಂದಿತು, ಗುಳೆಯ ಕಾಲದಲ್ಲಿ ಪ್ರತಿ ಊರಿನ ಎಷ್ಟು ಮಕ್ಕಳು ಶಾಲೆ ಬಿಟ್ಟರು ಎಂಬೆರಡು ಲೆಕ್ಕಗಳನ್ನು ವರ್ಷವರ್ಷವೂ ಊರ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಬೇಕು.