ಪಂಕ್ತಿಭೇದವಿಲ್ಲದ ಕ್ರೀಡಾಂಗಣ

ಕನಿಕರಕ್ಕೆ ಖರ್ಚಿಲ್ಲ. ಅಂಗವಿಕಲನೊಬ್ಬನನ್ನು ಕಂಡು ‘ಅಯ್ಯೋ ಪಾಪ’ ಎನ್ನುವುದಕ್ಕೆ ಹಣವೂ ಬೇಡ, ಶ್ರಮವೂ ಬೇಡ. ಆದರೆ ಅವನನ್ನು ಆಟಕ್ಕೆ ಕರೆಯಬೇಕಾದರೆ, ಅವನಿಗೊಂದು ಸ್ಥಾನವನ್ನು ಕೊಡಬೇಕಾದರೆ, ಆಡುವವರೆಲ್ಲರೂ ಕೊಂಚ ಸರಿದು ಕುಳಿತುಕೊಳ್ಳಬೇಕಾಗುತ್ತದೆ. ಮನೆಯ ಹಬ್ಬದೂಟದಲ್ಲಿ ಒಬ್ಬನಿಗೆ ಮಾತ್ರ ಬೇರೆ ಮೂಲೆಯಲ್ಲಿ ಎಲೆ ಹಾಕಿದರೆ, ಬಡಿಸಿದ ಭಕ್ಷ್ಯ ಎಷ್ಟೇ ರುಚಿಯಾಗಿದ್ದರೂ ಅದು ಗಂಟಲಿನಿಂದ ಇಳಿಯದು. ಕ್ರೀಡೆಯಲ್ಲಿಯೂ ಇಂಥ ಪಂಕ್ತಿಭೇದವುಂಟು. ಅದನ್ನು ನಿವಾರಿಸಲು ನಾರ್ವೆ ದೇಶವು ನಡೆಸಿದ ಪ್ರಯತ್ನವು ವಿಚಾರಾರ್ಹವಾದುದು.

ನಾರ್ವೆ ಯೂರೋಪಿನ ಉತ್ತರದ ಅಂಚಿನಲ್ಲಿರುವ ದೇಶ. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ ಮಾತ್ರ. ಚಳಿಗಾಲದಲ್ಲಿ ಬೆಟ್ಟಬಯಲುಗಳನ್ನು ಹಿಮವು ಮುಚ್ಚುತ್ತದೆ. ಆಗ ಕಾಲಿಗೆ ಸ್ಕೀ ಎಂಬ ಉದ್ದವಾದ ಪಟ್ಟಿಗಳನ್ನು ಕಟ್ಟಿಕೊಂಡು ಜಾರುತ್ತ ಸಾಗುವುದು ಅಲ್ಲಿಯವರಿಗೆ ನಡಿಗೆಯಷ್ಟೇ ಸಹಜ. ನಾರ್ವೆಯವರು ಸ್ಕೀ ಕಟ್ಟಿಕೊಂಡೇ ಹುಟ್ಟುತ್ತಾರೆ ಎಂಬ ಮಾತು ಆ ದೇಶದಲ್ಲಿ ಪ್ರಚಲಿತವಾಗಿದೆ. ಇಂಥ ನಾಡಿನಲ್ಲಿ ಹಿಮಜಾರಾಟದಿಂದ ಹೊರಗುಳಿಯುವುದೆಂದರೆ ಒಂದು ವಿನೋದವನ್ನು ಕಳೆದುಕೊಳ್ಳುವುದಷ್ಟೇ ಅಲ್ಲ, ನೆರೆಹೊರೆಯವರ ಬಾಳಿನಿಂದಲೇ ದೂರವಾಗುವುದು.

ಎರ್ಲಿಂಗ್ ಸ್ಟೂರ್‌ದಾಲ್ ಎಂಬ ಅಂಧ ಗಾಯಕರು ಈ ನೋವನ್ನು ಬಲ್ಲವರಾಗಿದ್ದರು. ಅವರು ದಾನವನ್ನು ಬೇಡಲಿಲ್ಲ; ದಾರಿಯನ್ನು ಕೇಳಿದರು. ಅವರ ಪ್ರಯತ್ನದ ಫಲವಾಗಿ 1964ರಲ್ಲಿ ಬೈಟೊಸ್ಟೋಲೆನ್ ಎಂಬ ಬೆಟ್ಟದ ಊರಿನಲ್ಲಿ ಅಂಗವಿಕಲರಿಗಾಗಿ ಹಿಮಜಾರು ಓಟವೊಂದು ಆರಂಭವಾಯಿತು. ಕಣ್ಣಿಲ್ಲದವರ ಜೊತೆಯಲ್ಲಿ ಕಣ್ಣುಳ್ಳವರು ಸಾಗಿ, ತಿರುವುಗಳನ್ನೂ ಇಳಿಜಾರುಗಳನ್ನೂ ಬಾಯಿಮಾತಿನಿಂದ ತಿಳಿಸಿದರು. 1970ರಲ್ಲಿ ಅದೇ ಊರಿನಲ್ಲಿ ಆರೋಗ್ಯ ಮತ್ತು ಕ್ರೀಡಾ ಕೇಂದ್ರವೊಂದು ತಲೆಯೆತ್ತಿತು. ಅಂಗವಿಕಲನಿಗೆ ಔಷಧದಷ್ಟೇ ಆಟವೂ ಅಗತ್ಯವೆಂಬುದು ಅದರ ತತ್ತ್ವ.

1976ರಲ್ಲಿ ಸ್ವೀಡನ್ನಿನಲ್ಲಿ ಮೊದಲನೆಯ ಚಳಿಗಾಲದ ಪ್ಯಾರಾಲಿಂಪಿಕ್ ಕ್ರೀಡೆಗಳು ನಡೆದವು. ಅವುಗಳಲ್ಲಿ ಅಂಧರಿಗೂ ಕೈಕಾಲು ಕಳೆದುಕೊಂಡವರಿಗೂ ಮಾತ್ರ ಅವಕಾಶವಿದ್ದಿತು. 1980ರಲ್ಲಿ ನಾರ್ವೆಯ ಯೈಲೊ ಎಂಬಲ್ಲಿ ನಡೆದ ಎರಡನೆಯ ಕೂಟವು ಬೇರೆ ಬಗೆಯ ಅಂಗವೈಕಲ್ಯವುಳ್ಳವರಿಗೂ ಬಾಗಿಲನ್ನು ತೆರೆಯಿತು. ಮುಂದೆ ಆ ಬಾಗಿಲಿನಿಂದ ಬಂದವರಲ್ಲಿ ರಾಗ್ನ್‌ಹಿಲ್ಡ್ ಮಿಕ್ಲೆಬುಸ್ಟ್ ಒಬ್ಬರು. ಪೋಲಿಯೊ ರೋಗಕ್ಕೆ ತುತ್ತಾದ ಈ ಮಹಿಳೆ ನಲವತ್ತರ ವಯಸ್ಸನ್ನು ದಾಟಿದ ಮೇಲೆ, 1988ರಲ್ಲಿ, ಮೊದಲ ಬಾರಿಗೆ ಪ್ಯಾರಾಲಿಂಪಿಕ್ ಕಣಕ್ಕಿಳಿದರು. 2002ರ ಹೊತ್ತಿಗೆ ಅವರು ಗಳಿಸಿದ ಪದಕಗಳು 27. ಅವುಗಳಲ್ಲಿ 22 ಚಿನ್ನದವು. ಇದನ್ನು ಪವಾಡವೆಂದು ಕರೆಯುವವರುಂಟು. ಪವಾಡವೆಂದೊಡನೆ ಅವರ ವರ್ಷಾನುಗಟ್ಟಲೆಯ ಅಭ್ಯಾಸವೂ ಮರೆಯಾಗುತ್ತದೆ, ಅಭ್ಯಾಸಕ್ಕೆ ಎಡೆಮಾಡಿಕೊಟ್ಟ ಸಮಾಜದ ಕರ್ತವ್ಯವೂ ಮರೆಯಾಗುತ್ತದೆ.

ಇವು ನಿಜವಾದ ಸ್ಪರ್ಧೆಗಳೇ ಎಂದು ಸಂಶಯಪಡುವವರು ಇವುಗಳ ರೀತಿಯನ್ನು ಅರಿಯಬೇಕು. ಕಾಲಿನಲ್ಲಿ ಶಕ್ತಿಯಿಲ್ಲದವರು ಸ್ಕೀಗಳ ಮೇಲೆ ಅಳವಡಿಸಿದ ಆಸನದಲ್ಲಿ ಕುಳಿತು, ಎರಡು ಕೋಲುಗಳಿಂದ ಹಿಮವನ್ನು ಮೀಟುತ್ತ ಮೈಲಿಗಟ್ಟಲೆ ಸಾಗುತ್ತಾರೆ. ಏರುದಾರಿಯಲ್ಲಿ ಇಡೀ ದೇಹದ ಭಾರವನ್ನು ತೋಳುಗಳೇ ಎಳೆಯಬೇಕು. ಓಟದ ನಡುವೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ ಅಂಧರು ಕಿವಿಯಿಂದ ಗುರಿಯನ್ನು ಹುಡುಕುತ್ತಾರೆ. ಬಂದೂಕು ಗುರಿಯ ನಡುವಿಗೆ ಸಮೀಪಿಸಿದಂತೆ ಕಿವಿಯಲ್ಲಿ ಕೇಳುವ ನಾದದ ಸ್ಥಾಯಿ ಬದಲಾಗುತ್ತದೆ. ಅಂಧ ಸ್ಪರ್ಧಿಯ ಮುಂದೆ ಮಾರ್ಗದರ್ಶಿಯೊಬ್ಬನು ಸಾಗುತ್ತಾನೆ. ಗೆದ್ದರೆ ಪದಕವು ಇಬ್ಬರ ಕೊರಳಿಗೂ ಬೀಳುತ್ತದೆ.

ನ್ಯಾಯದ ಲೆಕ್ಕವೂ ಇಲ್ಲಿ ಸೂಕ್ಷ್ಮವಾದುದು. ಒಂದೇ ಗುಂಪಿನಲ್ಲಿ ಓಡುವವರ ವೈಕಲ್ಯವು ಒಂದೇ ಪ್ರಮಾಣದ್ದಾಗಿರುವುದಿಲ್ಲ. ಆದುದರಿಂದ ಪ್ರತಿಯೊಬ್ಬರಿಗೂ ಅವರವರ ವರ್ಗಕ್ಕೆ ತಕ್ಕ ಶೇಕಡಾವಾರು ಪ್ರಮಾಣವನ್ನು ಗೊತ್ತುಪಡಿಸಿ, ಓಟಕ್ಕೆ ಹಿಡಿದ ಕಾಲವನ್ನು ಅದರಿಂದ ಗುಣಿಸುತ್ತಾರೆ. ಒಬ್ಬನ ಪ್ರಮಾಣ ಶೇಕಡಾ 90 ಎಂದಿಟ್ಟುಕೊಳ್ಳೋಣ. ಅವನು 30 ನಿಮಿಷಗಳಲ್ಲಿ ಓಟವನ್ನು ಮುಗಿಸಿದರೆ ಲೆಕ್ಕಕ್ಕೆ ಬರುವುದು 27 ನಿಮಿಷ. ಶೇಕಡಾ 100ರ ಪ್ರಮಾಣವುಳ್ಳವನು 28 ನಿಮಿಷಗಳಲ್ಲಿ ಬಂದರೂ ಎರಡನೆಯವನೇ ಆಗುತ್ತಾನೆ. ಇದು ರಿಯಾಯಿತಿಯಲ್ಲ. ಭಾರವನ್ನು ಹೊತ್ತು ಓಡಿದವನ ಭಾರವನ್ನೂ ತೂಗಿ ನೋಡುವ ತಕ್ಕಡಿ.

ಆದರೆ ಕೂಟಗಳು ನಡೆದ ಮಾತ್ರಕ್ಕೆ ಪಂಕ್ತಿಭೇದವು ಅಳಿಯಲಿಲ್ಲ. ನಾರ್ವೆಯಲ್ಲಿ ಬಹುಕಾಲ ಅಂಗವಿಕಲರ ಕ್ರೀಡೆಗೆ ಪ್ರತ್ಯೇಕವಾದ ಸಂಸ್ಥೆಯೊಂದಿದ್ದಿತು. 21ನೆಯ ಶತಮಾನದ ಮೊದಲ ದಶಕದಲ್ಲಿ ಆ ದೇಶವು ದಿಟ್ಟವಾದ ನಿರ್ಧಾರವೊಂದನ್ನು ಕೈಗೊಂಡಿತು. ಪ್ರತ್ಯೇಕ ಸಂಸ್ಥೆಯನ್ನು ಮುಚ್ಚಿ, ಆಯಾ ಆಟದ ಹೊಣೆಯನ್ನು ಆಯಾ ಆಟದ ಸಂಘಕ್ಕೇ ಒಪ್ಪಿಸಲಾಯಿತು. ಕಾಲಿದ್ದವನೂ ಕಾಲಿಲ್ಲದವನೂ ಸ್ಕೀ ಆಡುವವರಾದರೆ ಇಬ್ಬರೂ ಸ್ಕೀ ಸಂಘಕ್ಕೆ ಸೇರಿದವರು ಎಂಬುದು ಇದರ ತಿರುಳು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ದೊಡ್ಡ ಸಂಘದಲ್ಲಿ ಸಣ್ಣ ಗುಂಪಿನ ದನಿ ಅಡಗಿಹೋಗಬಹುದು; ಅಂಗವಿಕಲರ ಕಷ್ಟವನ್ನು ಬಲ್ಲ ಸಂಸ್ಥೆಯೇ ಅವರನ್ನು ಚೆನ್ನಾಗಿ ನೋಡಿಕೊಳ್ಳಬಲ್ಲದು ಎಂಬುದೊಂದು ವಾದ. ಅಂಕಿಗಳೂ ಈ ವಾದವನ್ನು ಬೆಂಬಲಿಸುವಂತೆ ತೋರುತ್ತವೆ. 1998ರ ನಾಗಾನೊ ಕೂಟದಲ್ಲಿ ನಾರ್ವೆ 18 ಚಿನ್ನವೂ ಸೇರಿದಂತೆ 40 ಪದಕಗಳನ್ನು ಗೆದ್ದು ಮೊದಲನೆಯ ಸ್ಥಾನದಲ್ಲಿದ್ದಿತು. 2022ರ ಬೀಜಿಂಗ್ ಕೂಟದಲ್ಲಿ ಅದಕ್ಕೆ ದೊರೆತುದು ಏಳೇ ಪದಕ. ನಾಲ್ಕು ಚಿನ್ನಗಳನ್ನೂ ಯೆಸ್ಪರ್ ಸಾಲ್ಟ್‌ವಿಕ್ ಪೆಡರ್ಸನ್ ಎಂಬ ಒಬ್ಬರೇ ತಂದುಕೊಟ್ಟರು.

ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. 1998ರಲ್ಲಿ 122 ಸ್ಪರ್ಧೆಗಳಿದ್ದವು; 2022ರಲ್ಲಿ 78 ಮಾತ್ರ. ಜೊತೆಗೆ ಬೇರೆ ದೇಶಗಳೂ ಎಚ್ಚೆತ್ತಿವೆ. ಚೀನಾ ಈ ಕೂಟಗಳಲ್ಲಿ ತನ್ನ ಮೊದಲ ಪದಕವನ್ನು ಪಡೆದುದು 2018ರಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತು ಆಡುವ ಕರ್ಲಿಂಗ್ ಆಟದ ಅಂತಿಮ ಪಂದ್ಯದಲ್ಲಿ, ಸೋತದ್ದು ನಾರ್ವೆಯೇ. ನಾಲ್ಕು ವರ್ಷಗಳ ಅನಂತರ ತನ್ನ ನೆಲದಲ್ಲಿಯೇ ನಡೆದ ಕೂಟದಲ್ಲಿ ಅದೇ ಚೀನಾ 61 ಪದಕಗಳನ್ನು ಗಳಿಸಿತು. ಅಂಗವಿಕಲರ ಶಕ್ತಿ ಅಲ್ಲಿ ನಾಲ್ಕು ವರ್ಷಗಳಲ್ಲಿ ಹುಟ್ಟಿದುದಲ್ಲ. ಅವಕಾಶವು ಹುಟ್ಟಿತು, ಅಷ್ಟೆ.

ಆದರೂ ಆಕ್ಷೇಪಣೆಯಲ್ಲಿನ ಸತ್ಯಾಂಶವನ್ನು ತಳ್ಳಿಹಾಕಲಾಗದು. ಸಂಘವು ಒಂದಾದ ಮಾತ್ರಕ್ಕೆ ಮನಸ್ಸುಗಳು ಒಂದಾಗುವುದಿಲ್ಲ. ಆಸನವುಳ್ಳ ಸ್ಕೀ ದುಬಾರಿಯಾದುದು. ಮಾರ್ಗದರ್ಶಿಗೆ ತರಬೇತಿ ಬೇಕು. ಗಾಲಿಕುರ್ಚಿ ಹೋಗಬಲ್ಲ ದಾರಿ ಬೇಕು. ಇವುಗಳನ್ನು ಒದಗಿಸದೆ ‘ಎಲ್ಲರೂ ಸಮಾನರು’ ಎಂದು ಸಾರುವುದು, ಎಲೆ ಹಾಕಿ ಬಡಿಸದೆ ಹೋದಂತೆ. ಹಾಗೆಂದು ಎಲೆಯನ್ನು ಮತ್ತೆ ಮೂಲೆಗೆ ಒಯ್ಯುವುದು ಪರಿಹಾರವಾಗದು. ಪಥ್ಯದವನಿಗೆ ಪಥ್ಯವನ್ನು ಪಂಕ್ತಿಯಲ್ಲಿಯೇ ಬಡಿಸಬಹುದು. ಅಗತ್ಯಗಳು ಬೇರೆ ಬೇರೆಯಾಗಿರಲಿ, ಪಂಕ್ತಿ ಒಂದೇ ಆಗಿರಲಿ.

ಪದಕಗಳ ಸಂಖ್ಯೆ ಏರಬಹುದು, ಇಳಿಯಬಹುದು. ನಡೆಯಲಾರದ ಹುಡುಗಿಯೊಬ್ಬಳು ತನ್ನ ಊರಿನ ಸಂಘಕ್ಕೆ ಹೋಗಿ, ‘ನಾನೂ ಆಡಬೇಕು’ ಎಂದಾಗ, ‘ನಿನ್ನ ಸಂಘ ಬೇರೆ ಇದೆ’ ಎಂಬ ಉತ್ತರ ಬರುವುದೋ, ‘ಬಾ, ನಿನಗೆ ಏನು ಬೇಕೆಂದು ನೋಡೋಣ’ ಎಂಬ ಉತ್ತರ ಬರುವುದೋ ಎಂಬುದೇ ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಯು ಹಿಮವಿರುವ ದೇಶಗಳಿಗೆ ಮಾತ್ರ ಸೇರಿದುದಲ್ಲ. ಆಟದ ಬಯಲಿರುವ ಪ್ರತಿಯೊಂದು ಶಾಲೆಯೂ ಇದಕ್ಕೆ ಉತ್ತರ ಕೊಡಬೇಕಾಗಿದೆ. ಆಟದ ಅವಧಿಯಲ್ಲಿ ಎಲ್ಲರ ಚೀಲಗಳನ್ನು ಕಾಯುತ್ತ ಮರದ ನೆರಳಿನಲ್ಲಿ ಕುಳಿತ ಸಹಪಾಠಿಯು ಆ ಉತ್ತರಕ್ಕಾಗಿಯೇ ಕಾದಿರುತ್ತಾನೆ.