ಒಂದೇ ಮಾತ್ರೆ, ಎರಡು ಹೆಸರು



ಊರಿಂದ ಅಪ್ಪ-ಅಮ್ಮ ಬಂದರೆ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಸಂಡಿಗೆಯ ಜೊತೆ ಆರು ತಿಂಗಳಿಗಾಗುವಷ್ಟು ಮಾತ್ರೆಗಳೂ ಬರುತ್ತವೆ. "ಇಲ್ಲಿ ಡಾಕ್ಟರಿಗೆ ತೋರಿಸಿದ್ರೆ ನಿನ್ನ ಸಂಬಳ ಸಾಲಲ್ಲ ಕಣೋ" ಅನ್ನುವುದು ನಮ್ಮಪ್ಪನ ವಾದ.

ಕಳೆದ ಚಳಿಗಾಲ ಅವರಿಗೆ ಜ್ವರ ಬಂತು. ದಿನಕ್ಕೆ ನಾಲ್ಕು ಡೋಲೋ-650 ತಾವೇ ತಗೊಂಡರು. ಅದು ಗೊತ್ತಿಲ್ಲದ ನನ್ನ ಹೆಂಡತಿ ಮೂರು ಹೊತ್ತೂ 500ರ ಎರಡೆರಡು ಟೈಲೆನಾಲ್ ಕೊಟ್ಟಳು. ರಾತ್ರಿ ನೆಗಡಿಗೆಂದು ನಾನು ಎರಡು ನೈಕ್ವಿಲ್ ಕೊಟ್ಟೆ. ಮೂರರಲ್ಲೂ ಇರುವುದು ಒಂದೇ ಔಷಧ! ಭಾರತದಲ್ಲಿ ಅದು ಪ್ಯಾರಾಸಿಟಮಾಲ್, ಅಮೆರಿಕದಲ್ಲಿ ಅಸಿಟಮಿನೋಫೆನ್. ವಯಸ್ಕರ ಮಿತಿ 24 ಗಂಟೆಗೆ 4000 ಮಿಲಿಗ್ರಾಂ. ಅಪ್ಪನ ಹೊಟ್ಟೆಗೆ ಎರಡು ದಿನ 6250ರಂತೆ ಹೋಗಿತ್ತು. ಒಂದೇ ವೇರಿಯಬಲ್‌ಗೆ ಎರಡು ಹೆಸರಿಟ್ಟವರನ್ನು ಆಫೀಸಿನಲ್ಲಿ ದಿನಾ ಬೈಯುವ ನನಗೇ ಇದು ಹೊಳೆಯಲಿಲ್ಲ.

ಕಸದ ಬುಟ್ಟಿಯಲ್ಲಿ ಖಾಲಿ ಸ್ಟ್ರಿಪ್ ಕಂಡಾಗ ಗೊತ್ತಾಯಿತು. ಅಮ್ಮ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೊರಟರು. (ದಯವಿಟ್ಟು ಹಾಗೆ ಮಾಡಬೇಡಿ.) ಅಪ್ಪ ಮಾತ್ರ ಆರಾಮಾಗಿ ಟಿವಿ ನೋಡುತ್ತಿದ್ದರು. ಈ ವಿಷದ ಮೋಸವೇ ಅದು, ಮೊದಲ ದಿನ ಏನೂ ಕಾಣುವುದಿಲ್ಲ, ಲಿವರ್ ಹಾಳಾಗುವುದು ಆಮೇಲೆ. ಅಮೆರಿಕದಲ್ಲಿ ಲಿವರ್ ಹಠಾತ್ತನೆ ಕೈಕೊಡುವುದಕ್ಕೆ ಮುಖ್ಯ ಕಾರಣ ಇದೇ ಮಾತ್ರೆ. ಒಂದೇ ಸಲ ಹೆಚ್ಚು ನುಂಗಿದವರಿಗೆ 8 ಗಂಟೆಯೊಳಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಶುರುವಾದರೆ ಲಿವರ್ ಬಹುಮಟ್ಟಿಗೆ ಉಳಿಯುತ್ತದೆ.

1-800-222-1222ಕ್ಕೆ ಫೋನ್ ಮಾಡಿದೆ. ಇಡೀ ದೇಶಕ್ಕೆ ಒಂದೇ ವಿಷ ಸಹಾಯವಾಣಿ, 24 ಗಂಟೆಯೂ ಉಚಿತ. ಆ ಕಡೆಯಾಕೆ ಲೆಕ್ಕ ಕೇಳಿ, "ಈಗಲೇ ಎಮರ್ಜೆನ್ಸಿಗೆ ಹೊರಡಿ" ಅಂದರು. ರಕ್ತಪರೀಕ್ಷೆಯಲ್ಲಿ ಲಿವರ್ ಅಂಕಿ ಏರಿತ್ತು. ಒಂದು ದಿನಕ್ಕೂ ಮೀರಿ ಡ್ರಿಪ್ ಹಾಕಿದರು. ಅಪ್ಪ ಉಳಿದರು.

ನನ್ನ ಎರಡು ಮಾತು. ಬ್ರಿಟನ್ನಿನಲ್ಲಿ 1998ರಲ್ಲಿ ಅಂಗಡಿಯ ಪ್ಯಾಕೆಟ್ಟಿಗೆ 16 ಮಾತ್ರೆ, ಫಾರ್ಮಸಿಯಲ್ಲಿ 32 ಎಂದು ಮಿತಿ ಹಾಕಿದರು, ಸಾವುಗಳು ಇಳಿದವು. ಇಲ್ಲಿ ನಾವು ಅಗ್ಗವೆಂದು ನೂರಾರು ಮಾತ್ರೆಯ ಡಬ್ಬಿ ಹೊತ್ತು ತರುತ್ತೇವೆ. ಅಷ್ಟು ಮನೆಯಲ್ಲಿರುವುದೇ ತಪ್ಪು ಎಂದು ನನಗೀಗ ಅನಿಸುತ್ತಿದೆ. ಯಾಕೆಂದರೆ ಎಲ್ಲರೂ ನಮ್ಮಪ್ಪನಂತೆ ಗೊತ್ತಿಲ್ಲದೆ ನುಂಗುವುದಿಲ್ಲ. ಬೇಸರದ ಒಂದು ರಾತ್ರಿಯಲ್ಲಿ ಬೇಕೆಂದೇ ನುಂಗುವವರೂ ಇದ್ದಾರೆ, ನಮ್ಮವರಲ್ಲೂ. ಆಗ ಮನೆಯವರು ವೀಸಾ, ಮಾನ, ಜನ ಏನಂದಾರು ಅಂತ ಯೋಚಿಸುತ್ತಾ ಗಂಟೆಗಳನ್ನು ಕಳೆಯುತ್ತಾರೆ. ಡಾಕ್ಟರಿಗೆ 'ಫುಡ್ ಪಾಯ್ಸನಿಂಗ್' ಅನ್ನಬೇಡಿ. ಏನು, ಎಷ್ಟು, ಯಾವಾಗ ಎಂದು ನಿಜ ಹೇಳಿ, ಡಬ್ಬಿಯನ್ನೂ ಒಯ್ಯಿರಿ. ಮನಸ್ಸು ಕುಸಿದವರ ಮಾತು ಕೇಳಲು 2022ರಿಂದ 988 ಎಂಬ ನಂಬರೂ ಇದೆ.

ಮುಂದಿನ ಯುಗಾದಿಗೆ ಸಂಘ ಕ್ಯಾಲೆಂಡರ್ ಅಚ್ಚು ಹಾಕಿಸುವಾಗ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ಈ ಎರಡು ನಂಬರನ್ನೂ ಹಾಕಿ ಎಂದು ಕಮಿಟಿಯವರಲ್ಲಿ ವಿನಂತಿ. ಖರ್ಚು ನನ್ನದು.

ಅಪ್ಪ ಈಗಲೂ ಪ್ರತಿ ಭಾನುವಾರ ಫೋನಿನಲ್ಲಿ ಆಸ್ಪತ್ರೆ ಬಿಲ್ ಎಷ್ಟಾಯಿತು ಅಂತ ಕೇಳುತ್ತಾರೆ. ಇನ್ನೂ ಹೇಳಿಲ್ಲ.